ಥೆಫ್ಟೋ ರಾಬರಿಯೋ

೧೯೮೭ರ ಮಾರ್ಚ್ ೧೨ರ ಸಂಜೆ ಚಿಂಚಲಿ ಕಡೆಯ ಕುರಿಗಾರರ ದುಂಡವ್ವ ಕೊರಳು ಹಿಡಿದುಕೊಂಡೇ ಠಾಣೆಗೆ ಬಂದಳು. ಮಧ್ಯಾಹ್ನ ಬೇವಿನ ನೆರಳಲ್ಲಿ ನಿದ್ದೆ ಹತ್ತಿದಾಗ ಯಾರೋ ತಾಳಿ ಒಯ್ದಿದ್ದರು. ಕೊರಳ ಮೇಲೊಂದು ಗೀರು, ಒಣಗಿದ ರಕ್ತ.

"ರಕ್ತ ಬಂದೈತಿ. ರಾಬರೀನ ಬರಿಬೇಕ್ರಿ," ಎಂದ ಹೆಡ್ ಕಾನ್‌ಸ್ಟೇಬಲ್ ಜಕ್ಕಪ್ಪ, ಎಫ್‌ಐಆರ್ ಪುಸ್ತಕ ತೆರೆಯುತ್ತ.

ಪಿಎಸ್‌ಐ ಧರೆಪ್ಪ ತಡೆದ. ಊರವರ ಬಾಯಲ್ಲಿ ಎಲ್ಲವೂ ಕಳವೇ, ಕೋರ್ಟಿನಲ್ಲಿ ಹಾಗಲ್ಲ. ಸದ್ದಿಲ್ಲದೆ ಒಯ್ದರೆ ಥೆಫ್ಟ್, ಮೂರು ವರ್ಷದ ಸಜೆಯೊಳಗೆ ಮುಗಿಯುತ್ತದೆ. ಕಸಿಯಲೆಂದೇ ಹೊಡೆದರೆ, ಹೆದರಿಸಿದರೆ ರಾಬರಿ, ಹತ್ತು ವರ್ಷದವರೆಗೂ ಹೋಗುತ್ತದೆ.

"ಯಾರರೆ ಹಿಡದು ಜಗ್ಗಿದ್ರೇನವ್ವಾ?"

"ಇಲ್ರಿ, ಎಚ್ಚರಾನ ಆಗಲಿಲ್ಲ."

"ಮನ್ಯಾಗ ಯಾರದಾರ?"

"ಮಗ ಭೀಮಸಿ. ಅಪ್ಪ ಮಗ ಕೊಂಕಣಕ್ಕ ಕುರಿ ಹೊಡಕೊಂಡು ಹೋಗಿದ್ರು. ಮಗ ಮೊನ್ನೆ ಬಂದಾನ. ನಮ್ಮ ಮನಿಯವ್ರು ಹಿಂದಿಂದ ಬರ್ತಾರಂತ್ರಿ. ಅವ್ರು ಬರೂದ್ರಾಗ ತಾಳಿ ಹುಡುಕಿ ಕೊಡ್ರಿ."

ಮರುದಿನ ಬೇವಿನ ಬುಡದಲ್ಲಿ ಪಂಚನಾಮೆಯಾಯಿತು. ಸಿಕ್ಕಿದ್ದು ಎರಡು ಕರಿಮಣಿ, ಒಂದು ತುಂಡು ಕರಿ ದಾರ. ದಾರ ಹರಿದದ್ದಲ್ಲ, ಕತ್ತರಿಸಿದ್ದು. ತುದಿ ಜಿಡ್ಡುಜಿಡ್ಡಾಗಿತ್ತು, ಮೂಗಿಗೆ ಹಿಡಿದರೆ ಕುರಿ ವಾಸನೆ. ಧರೆಪ್ಪ ಜಕ್ಕಪ್ಪನೊಡನೆ ದುಂಡವ್ವನ ಗುಡಿಸಲಿಗೆ ಹೋಗಿ ಭೀಮಸಿಯ ಹತ್ತಿರ ಉಣ್ಣೆ ಕತ್ತರಿ ಕೇಳಿದ. ಅಲಗಿನ ಸಂದಿಯಲ್ಲಿ ಅದೇ ಕರಿ ಎಳೆ ಸಿಕ್ಕಿಕೊಂಡಿತ್ತು.

ಭೀಮಸಿ ತಾನೇ ಕಂಬಳಿಯ ಮಡಿಕೆಯಿಂದ ತಾಳಿ ತೆಗೆದುಕೊಟ್ಟ.

"ಗೀರು ಹೆಂಗಾತು?"

"ಅವ್ವ ಮಗ್ಗಲಾದ್ಲು. ತುದಿ ತಾಗಿತ್ರಿ."

"ಮಾರಾಕ ಒಯ್ದಿದ್ದೇನು?"

ಹುಡುಗ ತಲೆ ಅಲ್ಲಾಡಿಸಿದ. "ಅಪ್ಪ ಬರೂದಿಲ್ರಿ. ಘಟ್ಟದ ಕೆಳಗ ಜ್ವರ ಬಂದು ಹ್ವಾದ. ನಾನ ಮಣ್ಣು ಮಾಡಿ ಬಂದೀನಿ. ಅವ್ವಗ ಹೇಳಾಕ ಬಾಯಿ ಬರಲಿಲ್ಲ. ಗೊತ್ತಾದ್ರ ಓಣಿ ಹೆಂಗಸರು ಆಕಿನ್ನ ಕುಂಡ್ರಿಸಿ ತಾಳಿ ಹರಿತಾರ. ಮೊದಲ ಕಳವಾಗಿದ್ರ ಹರಿಯಾಕ ಏನೂ ಇರೂದಿಲ್ಲಲ್ರಿ."

"ಏನ ಬರೀಲ್ರಿ?" ಜಕ್ಕಪ್ಪ ಮೆಲ್ಲಗೆ ಕೇಳಿದ.

"ಥೆಫ್ಟ್."

ಧರೆಪ್ಪನಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ದಸ್ತಗಿರಿಗೆ ಸಹಿ ಹಾಕಿ, ಬೇಡಿ ಹಾಕದೆ ಭೀಮಸಿಯನ್ನು ಜೀಪಿಗೆ ಹತ್ತಿಸಿದ.

ಠಾಣೆಯ ಕಟ್ಟೆಯ ಮೇಲೆ ದುಂಡವ್ವ ಬೆಳಗಿನಿಂದ ಕೂತಿದ್ದಳು. ಧರೆಪ್ಪನ ಕೈಯಲ್ಲಿ ತಾಳಿ, ಹಿಂದೆ ಮಗ. ಕಂಡದ್ದೇ ಆಕೆಯ ಮುಖ ಅರಳಿತು.

"ತಾಳಿ ನನ್ನ ಮಗಾನ ಹುಡುಕಿ ಕೊಟ್ನೇನ್ರಿ?" ಸೆರಗಿನ ಗಂಟು ಬಿಚ್ಚಿದಳು. ಒಳಗೆ ಹೊಸ ಕರಿ ದಾರ. "ಇಲ್ಲೇ ಪೋಣಿಸ್ಕೋತೀನಿ, ಕೊಡ್ರಿ. ಅವ್ರು ಇವತ್ತೋ ನಾಳೆಯೋ ಬರ್ತಾರ."

ಭೀಮಸಿ ಗೋಡೆಯತ್ತ ತಿರುಗಿ ನಿಂತ. ಧರೆಪ್ಪ ಟೋಪಿ ತೆಗೆದು ಆಕೆಯ ಪಕ್ಕ ಕಟ್ಟೆಯ ಮೇಲೆ ಕುಳಿತ.

"ಯವ್ವಾ," ಎಂದ, "ಸ್ವಲ್ಪ ಆ ದಾರ ಕೆಳಗಿಡು."