ಸಾಹೇಬರ ಹುಡುಗಿ

ಗೌತಮನ ಸ್ಕೂಟರ್ ರಾತ್ರೋರಾತ್ರಿ ಸುಟ್ಟು ಕರಕಲಾಗಿತ್ತು. ಬಾಡಿಗೆ ಮನೆಯ ಹಿತ್ತಲಲ್ಲಿ ಉಳಿದದ್ದು ಎರಡು ರಿಮ್ಮು, ಸೀಟಿನ ತಂತಿ, ಒಂದಿಷ್ಟು ಬೂದಿ. ಬಿಸಿಲು ಏರುವ ಮೊದಲೇ ಓಣಿಯ ಜನ ಸುತ್ತುಗಟ್ಟಿದ್ದರು.

ದ್ರಾಕ್ಷಾಯಿಣಿ ಜನರನ್ನು ಸರಿಸಿ ಮುಂದೆ ಬಂದಳು. ಕುಷ್ಟಗಿ ರಸ್ತೆಯ ಆ ಊರಿನ ಖಾಸಗಿ ಆಸ್ಪತ್ರೆಯಲ್ಲಿ ಅವಳು ನರ್ಸ್, ಗೌತಮ ಲ್ಯಾಬಿನವನು. ಹಿಂದಿನ ದಿನ ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯಲ್ಲಿ ಆರೋಗ್ಯ ಶಿಬಿರವಿತ್ತು. ಬರುವಾಗ ಬಸ್ಸು ಸಿಗದೆ ಅವಳು ಇದೇ ಸ್ಕೂಟರಿನಲ್ಲಿ ಬಂದಿದ್ದಳು.

"ಅಕ್ಕಾರ, ನಿಮ್ಮ ಬುತ್ತಿ ಡಬ್ಬಿ ಚೀಲ ಗಾಡಿ ಹುಕ್ಕಿಗೇ ಇತ್ತು," ಗೌತಮ ತಗ್ಗಿದ ದನಿಯಲ್ಲಿ ಹೇಳಿದ. "ಮುಂಜಾನಿ ಕೊಟ್ರಾತು ಅಂತ ಬಿಟ್ಟಿದ್ದೆ."

ಅವಳು ಬೂದಿ ಕಡೆ ನೋಡಿದಳು. ಬಟ್ಟೆ ಚೀಲ ಸುಟ್ಟೀತು. ಸ್ಟೀಲ್ ಡಬ್ಬಿ ಎಲ್ಲಿ ಹೋದೀತು?

"ಯಾರರ ಒಯ್ದಾರೇನು?"

"ಬೆಂಕಿ ಆರಿಸಿದಾವ ನಾನ. ಪೊಲೀಸ್ರು ಬರೂತನಕ ಒಂದು ಹುಳಾನೂ ಮುಟ್ಟಿಲ್ಲ."

ಪೊಲೀಸರು ಅಂದರೆ ಎಸ್ಸೈ ರುದ್ರೇಶ. ಎರಡು ವರ್ಷದಿಂದ ಅವನೂ ಅವಳೂ ಪ್ರೀತಿಸುತ್ತಿದ್ದರು. ಮದುವೆಯ ಮಾತೂ ಆಗಿತ್ತು. ಊರಿಗೆಲ್ಲ ಗೊತ್ತಿದ್ದರೂ ಜನರೆದುರು ಅವನಿಗೆ ಅವಳು ಗುರುತೇ ಇಲ್ಲದವಳು. ಇವತ್ತೂ ಹಾಗೆಯೇ ಅವಳನ್ನು ದಾಟಿಕೊಂಡು ಹೋಗಿ ಪಂಚನಾಮೆ ಬರೆಸಿದ.

ಓಣಿಯವರ ಕಣ್ಣೆಲ್ಲ ಮನೆ ಮಾಲೀಕ ಕೊಟ್ರಬಸಪ್ಪನ ಮೇಲೆ. ಗಾಡಿ ನಿಲ್ಲಿಸುವ ವಿಷಯಕ್ಕೆ ಗೌತಮನೊಂದಿಗೆ ಅವನ ಜಗಳ ನಡೆದೇ ಇತ್ತು.

"ನಾ ಗಂಗಾವತಿಯೊಳಗ ಮಗಳ ಮನ್ಯಾಗ ಇದ್ದೆ. ಈಗ ಬಸ್ ಇಳದೀನಿ," ಎಂದ ಕೊಟ್ರಬಸಪ್ಪ. ಕೈಯಲ್ಲಿ ಬ್ಯಾಗು, ಕಿಸೆಯಲ್ಲಿ ಟಿಕೆಟ್ಟು. ಜೊತೆಗೆ ಇಳಿದವರೂ ಹೌದೆಂದರು.

*

ಮಧ್ಯಾಹ್ನ ಆಸ್ಪತ್ರೆಗೆ ಪಾರಮ್ಮ ಬಂದಳು. ಗಾರೆ ಕೆಲಸದ ಹುಲಗಪ್ಪನ ಹೆಂಡತಿ.

"ಬಾಯಾರ, ನನ್ನ ಗಂಡನ್ನ ಹಿಡಕೊಂಡು ಹೋಗ್ಯಾರ. ರಾತ್ರಿ ಆ ಗಾಡಿ ಸುಟ್ಟ ಮನಿ ಕಟ್ಟಿ ಮ್ಯಾಲೆ ಮಲಗಿದ್ದ, ಕಿಸೆದಾಗ ಬೀಡಿ, ಕಡ್ಡಿಪೆಟ್ಟಿಗಿ ಇದ್ವು. ಅಷ್ಟ ಅವನ ತಪ್ಪು. ಕೈ ಮ್ಯಾಲೆ ಲಾಠಿಲೆ ಹೊಡದಾರ್ರಿ. ನೀವು ಸಾಹೇಬ್ರ ಹುಡುಗಿ. ನಿಮ್ಮ ಮಾತು ಕೇಳ್ತಾರ."

ಸಾಹೇಬರ ಹುಡುಗಿ! ಊರಿಗೆ ಅವಳು ಅಷ್ಟೇ. ಕೆಲಸವಾಗಬೇಕಾದವರು ಕೈ ಮುಗಿಯುತ್ತಿದ್ದರು, ಉಳಿದವರು ಬೆನ್ನ ಹಿಂದೆ ನಗುತ್ತಿದ್ದರು. ಅವನು ಯಾರೊಂದಿಗೆ ಮಾತಾಡಬೇಡವೆನ್ನುತ್ತಾನೋ ಅವರೊಂದಿಗೆ ಅವಳು ಮಾತು ಬಿಟ್ಟಿದ್ದು ಯಾರಿಗೂ ಕಂಡಿರಲಿಲ್ಲ.

ನಿನ್ನೆ ಸಂಜೆಯ ಫೋನು ನೆನಪಾಯಿತು. ಅವಳು ಮನೆಗೆ ಕಾಲಿಡುತ್ತಲೇ ರುದ್ರೇಶ ಕೇಳಿದ್ದ: "ಮಂಗಳೂರಿಂದ ಬಸ್ಸ ಬಂದಿಲ್ಲ. ಯಾರ ಗಾಡಿ ಮ್ಯಾಲೆ ಬಂದಿ?" ಅವಳು ಇದ್ದದ್ದನ್ನು ಹೇಳಿದ್ದಳು. ಬಸ್ಸಿಲ್ಲದೆಯೂ ತಾನು ಮನೆ ಮುಟ್ಟಿದ್ದು ಆ ಗಳಿಗೆಯಲ್ಲೇ ಅವನಿಗೆ ಹೇಗೆ ತಿಳಿಯಿತು?

"ಮನಿಗೆ ಹೋಗ್ರಿ ಪಾರಮ್ಮ. ನಾ ನೋಡ್ತೀನಿ," ಎಂದಳು. ಕೆಲಸವನ್ನು ಇನ್ನೊಬ್ಬ ನರ್ಸಿಗೆ ವಹಿಸಿ ರುದ್ರೇಶನ ಮನೆಗೆ ಹೊರಟಳು.

*

ರುದ್ರೇಶ ಊಟಕ್ಕೆಂದು ಕ್ವಾರ್ಟರ್ಸಿಗೆ ಬಂದಿದ್ದ.

"ಹುಲಗಪ್ಪನ್ನ ಬಿಡ್ರಿ. ಅವಂಗ ಗೌತಮ ಯಾರಂತನೂ ಗೊತ್ತಿಲ್ಲ."

"ಒಪ್ಪಿಕೊಂಡಾನ."

"ಕೈ ಮುರಿಯೂಹಂಗ ಹೊಡದ್ರ ಯಾರೂ ಒಪ್ಕೋತಾರ."

"ನನ್ನ ಕೆಲಸ ನಂಗ ಕಲಸಬ್ಯಾಡ. ಹೋಗಿ ಚಹಾ ಇಡು."

ಅವಳು ಅಡುಗೆಮನೆಗೆ ಹೋದಳು. ಸಕ್ಕರೆ ಹುಡುಕುತ್ತ ಹಿಟ್ಟಿನ ಡಬ್ಬವನ್ನು ಸರಿಸಿದಳು. ಹಿಂದೆ ಅವಳದೇ ಬುತ್ತಿ ಡಬ್ಬಿ ಇತ್ತು, ಹೂವಿನ ಬಟ್ಟೆ ಚೀಲದ ಸಮೇತ. ಮುಚ್ಚಳದ ಮೇಲೆ ಅವ್ವ ಕೆತ್ತಿಸಿದ್ದ ಹೆಸರು: ದ್ರಾಕ್ಷಾಯಿಣಿ.

ಅವಳು ಮೊಬೈಲಿನಲ್ಲಿ ಫೋಟೋ ತೆಗೆದು ಎಲ್ಲವನ್ನೂ ಇದ್ದ ಹಾಗೆಯೇ ಇಟ್ಟಳು. ಚಹಾ ಕೊಟ್ಟು ಹೊರಬಿದ್ದವಳು ನೇರ ಸರ್ಕಲ್ ಇನ್ಸ್‌ಪೆಕ್ಟರ್ ಲಲಿತಾ ಅವರ ಕಚೇರಿಗೆ ಹೋದಳು.

*

ಮರುದಿನ ಅದೇ ಅಡುಗೆಮನೆಯಲ್ಲಿ ಮೂವರು ನಿಂತಿದ್ದರು. ಎಸ್ಸೈ ಮನೆಯನ್ನು ಯಾರು ಶೋಧಿಸುತ್ತಾರೆಂಬ ಸೊಕ್ಕಿನಲ್ಲಿ ರುದ್ರೇಶ ಡಬ್ಬಿಯನ್ನು ಅಲ್ಲೇ ಬಿಟ್ಟಿದ್ದ.

"ಇದು ನಿಮ್ಮ ಹತ್ರ ಹೆಂಗ ಬಂತು?" ಲಲಿತಾ ಕೇಳಿದರು.

ಅವನು ತಡವರಿಸಲಿಲ್ಲ. "ಪಂಚನಾಮೆ ಹೊತ್ತಿನ್ಯಾಗ ಬೂದಿಯೊಳಗ ಸಿಕ್ತು ಮೇಡಂ. ಇಕಿ ಹೆಸರು ಕೇಸಿನ್ಯಾಗ ಬರಬಾರದು ಅಂತ ತಗದಿಟ್ಟೆ. ತಪ್ಪಾತು. ಇಕಿ ಮರ್ಯಾದಿ ಉಳಿಸಾಕ ಮಾಡಿದ್ದು."

"ಬೂದಿಯೊಳಗ ಸಿಕ್ಕಿದ್ದಕ್ಕ ಮಸಿ ಎಲ್ಲೈತ್ರಿ?" ದ್ರಾಕ್ಷಾಯಿಣಿ ಚೀಲವನ್ನು ಎತ್ತಿ ಹಿಡಿದಳು. "ಗಾಡಿ ಸೀಟು, ಟೈರು ಎಲ್ಲಾ ಉರದು ಹೋಗ್ಯಾವ. ಈ ಅರಿವಿ ಚೀಲಕ್ಕ ಒಂದು ಕಿಡಿ ಹಾರಿಲ್ಲ. ಡಬ್ಬಿ ಪ್ಲಾಸ್ಟಿಕ್ ಹಿಡಿಕಿ ಕರಗಿಲ್ಲ. ಇದನ್ನ ತಗದದ್ದು ಬೆಂಕಿ ಹಚ್ಚೂಕಿಂತ ಮೊದಲ. ತಗದಾವನ ಹಚ್ಚಿದಾವ."

ರುದ್ರೇಶ ಚೀಲಕ್ಕೆ ಕೈ ಚಾಚಿದ; ಅವಳು ಅದನ್ನು ಲಲಿತಾ ಅವರ ಕೈಗೆ ಕೊಟ್ಟಳು.

"ಇನ್ನೊಂದು ಐತಿ," ಎಂದರು ಲಲಿತಾ. "ಯಾವುದೋ ಕಳವು ಕೇಸಿನ ನೆಪ ಹೇಳಿ ಇವರ ಮೊಬೈಲ್ ಲೊಕೇಶನ್ ತರಿಸೀರಿ. ಒಂದು ಸಲ ಅಲ್ಲ, ತಿಂಗಳುಗಟ್ಟಲೆ."

"ಮದುವಿ ಆಗೂ ಹುಡುಗಿ ಮೇಡಂ. ಬ್ಯಾರೆದವನ ಬೆನ್ನಿಗೆ ಕುಂತು ಬರೂದನ್ನ ನೋಡ್ಕೋತ ಇರ್ಲೇನು? ಅವಂಗ ಹೆದರಿಕಿ ಇರಲಿ ಅಂತ ಹಚ್ಚಿದೆ. ಪ್ರೀತಿ ಇದ್ದದ್ದಕ್ಕ."

"ಪ್ರೀತಿ ಅನ್ನಬ್ಯಾಡ್ರಿ," ಎಂದಳು ದ್ರಾಕ್ಷಾಯಿಣಿ. ದನಿ ಏರಲಿಲ್ಲ. "ನನ್ನ ಮ್ಯಾಲೆ ಸಂಶಯ ಬಂತು, ನನ್ನ ಕೇಳಬೇಕಿತ್ತು. ಪಾಪದವನ ಗಾಡಿ ಸುಟ್ರಿ. ಮುಚ್ಚಿ ಹಾಕಾಕ ಅವನಿಗಿಂತ ಬಡವನ ಕೈ ಮುರದ್ರಿ. ಖಾಕಿ ಹಾಕ್ಕೊಂಡು ನಮ್ಮನ್ನ ಕಾಯಾವರು ನೀವು!"

*

ಸಂಜೆಯೊಳಗೆ ಹುಲಗಪ್ಪನನ್ನು ಬಿಟ್ಟರು. ರುದ್ರೇಶನ ಮೇಲೆ ಕೇಸು ದಾಖಲಾಯಿತು. ಹೇಳಿಕೆಯ ಹಾಳೆ ಮುಂದಿಟ್ಟುಕೊಂಡು ಲಲಿತಾ ಅನುಮಾನಿಸಿದರು.

"ನಿಮ್ಮಿಬ್ಬರ ವಿಷಯ ಬರದ್ರ ಊರು ಮತ್ತಷ್ಟು ಆಡಿಕೊಳ್ತೈತಿ. ನೋಡ್ರಿ, ಆದಷ್ಟು ಕಡಿಮಿ ಮಾಡೂನೇನು?"

"ಪೂರಾ ಬರೀರಿ ಮೇಡಂ. ಅದನ್ನ ಬಿಟ್ರ, ಹುಲಗಪ್ಪ ಯಾಕ ಬಡಿಸಿಕೊಂಡ ಅಂತ ಕೋರ್ಟಿಗೆ ತಿಳಿಯಂಗಿಲ್ಲ."

ಅವಳು ಸಹಿ ಹಾಕಿ ಹೊರಗೆ ಬಂದಳು. ಠಾಣೆಯ ಮೆಟ್ಟಿಲ ಮೇಲೆ ಹುಲಗಪ್ಪ ಕೂತಿದ್ದ. ಬಾತ ಬಲಗೈಯನ್ನು ಪಾರಮ್ಮ ಸೆರಗಿನಲ್ಲಿ ಹಿಡಿದುಕೊಂಡಿದ್ದಳು. ಬೆರಳು ಮಡಚಲು ಬರುತ್ತಿರಲಿಲ್ಲ.

"ನಡ್ರಿ ಅಣ್ಣಾರ, ಆಸ್ಪತ್ರಿಗೆ," ಎಂದಳು ದ್ರಾಕ್ಷಾಯಿಣಿ. "ಸರ್ಕಾರಿ ಡಾಕ್ಟರ ಕಡೆನ ತೋರಸೂನು. ಈ ಕೈ ಯಾರು ಮುರದ್ರು ಅನ್ನೂದೂ ಕೇಸಿನ್ಯಾಗ ಬರಬೇಕು."