ದಾಸವಾಳ ಹೊರಗೇ ಉಳಿದ ರಾತ್ರಿ

ಗಸ್ ವೆಂಟ್‌ನ ಹಿತ್ತಲು ಆ ಬೆಳಿಗ್ಗೆ ಬೇಯಿಸಿ ಮರೆತ ಸೊಪ್ಪಿನಂತೆ ಕಂಡಿತು. ಓಹಾಯೊದಲ್ಲಿ ಅಕ್ಟೋಬರ್ ಮುಗಿಯುತ್ತಿತ್ತು; ರಾತ್ರಿ ಮೊದಲ ಬಾರಿ ಇಬ್ಬನಿ ಹೆಪ್ಪುಗಟ್ಟಿತ್ತು. ಆಳೆತ್ತರದ ಕ್ಯಾನಾ ಹೂಗಿಡಗಳು ಕಪ್ಪಾಗಿ ಜೋತುಬಿದ್ದಿದ್ದವು. ಕೆಸುವಿನ ಎಲೆಗಳಿಂದ ಲೋಳೆ ತೊಟ್ಟಿಕ್ಕುತ್ತಿತ್ತು. ಅವನ ಗೆಳತಿ ಲೋರ್ನಾ ಮೂಗಿಗೆ ಸ್ಕಾರ್ಫ್ ಒತ್ತಿಕೊಂಡು ಬೇಲಿಯ ಬಾಗಿಲಲ್ಲೇ ನಿಂತಳು.

ಹೇಸಿಗೆಯ ಹಿಂದೆಯೇ ಅವಳಿಗೆ ಇನ್ನೊಂದು ಹೊಳೆಯಿತು. ಇವನ್ನೆಲ್ಲ ಇವನು ತನಗಾಗಿ ಸಾಯಲು ಬಿಟ್ಟನೇ?

ಷರತ್ತು ಹಾಕಿದವಳು ಅವಳೇ. ಕ್ಲಿನಿಕ್ಕಿನಲ್ಲಿ ಜನರ ಹಲ್ಲು ಕ್ಲೀನ್ ಮಾಡುವುದು ಅವಳ ಕೆಲಸ, ಕೊಳೆ ಅವಳಿಗಾಗದು. ಕಳೆದ ಚಳಿಗಾಲ ಗಸ್‌ನ ಬಾತ್‌ಟಬ್ ತುಂಬ, ಚಳಿಗೆ ಸಾಯದಿರಲೆಂದು ಅಗೆದು ತಂದ, ಮಣ್ಣು ಮೆತ್ತಿದ ಗೆಡ್ಡೆಗಳು. ಮಲಗುವ ಕೋಣೆಯ ದಾಸವಾಳದಿಂದ ಬಿಳಿ ಹಿಟ್ಟು ತಿಗಣೆಗಳು ಅವಳ ದಿಂಬಿಗೆ ಇಳಿದಿದ್ದವು. ಒಂದು ಹುಳ ಟೂತ್‌ಬ್ರಷ್ ಮೇಲೂ ಸಿಕ್ಕಿತ್ತು. ಗಸ್ ಮದುವೆಯ ಮಾತೆತ್ತಿದಾಗ ಅವಳು ನೇರವಾಗಿ ಹೇಳಿದ್ದಳು: "ಈ ಸಲ ಗಿಡ ಒಳಗೆ ಬಂದ್ರೆ ನಾನು ಬರಲ್ಲ."

ಗಸ್ ಮೆಟ್ಟಿಲ ಮೇಲೆ ಕೂತು ಕತ್ತರಿ ಮಸೆಯುತ್ತಿದ್ದ.

"ಇಷ್ಟೆಲ್ಲ ಮಾಡ್ಬೇಕಿರ್ಲಿಲ್ಲ ಕಣೋ," ಅಂದಳು ಲೋರ್ನಾ, ಮೆಟ್ಟಿಲ ಬಳಿಗೆ ಬಂದು. "ಎಲ್ಲ ಸತ್ತೋಯ್ತಲ್ಲ."

"ಯಾವ್ದು?"

"ನಿನ್ ಗಿಡ. ನನಗೋಸ್ಕರ ಬಿಟ್ಟೆ ತಾನೆ?"

ಗಸ್ ಅವಳನ್ನು ನೋಡಿದ, ಕ್ಯಾನಾ ನೋಡಿದ, ಮತ್ತೆ ಅವಳನ್ನು ನೋಡಿದ. 'ಹೂಂ' ಅಂದುಬಿಟ್ಟರೆ ಮದುವೆ ಖಾತ್ರಿ. ಅವನ ಗಡ್ಡ ಒಮ್ಮೆ ಅಲುಗಿತು.

"ಸುಳ್ಳು ಹೇಳ್ಲಾ, ನಿಜ ಹೇಳ್ಲಾ?"

"ನಿಜ."

"ಸತ್ತಿಲ್ಲ ಮಾರಾಯ್ತಿ. ಒಂದ್ಸಲ ಹೀಗೆ ಕಪ್ಪಾದ್ಮೇಲೇ ಕ್ಯಾನಾ ಅಗೆಯೋದು. ಗೆಡ್ಡೆ ಮಣ್ಣೊಳಗೆ ಗುಂಡುಕಲ್ಲಿನ ಹಾಗಿದೆ."

"ಥೂ! ನಾನು ಅಳೋಕೆ ರೆಡಿಯಾಗಿದ್ದೆ! ಮತ್ತೆ ಬಾತ್‌ಟಬ್‌ಗೇನಾ?"

"ಇಲ್ಲ, ನೆಲಮಾಳಿಗೆಗೆ. ಮರದ ಹೊಟ್ಟು ತುಂಬಿ ಡಬ್ಬ ಇಟ್ಟಿದೀನಿ. ಟಬ್ ಉಜ್ಜಿದೀನಿ, ಬೇಕಾದ್ರೆ ನೋಡು."

"ನೆಲಮಾಳಿಗೆ ಮನೆ ಹೊರಗಿದ್ಯಾ?"

ಅವಳು ಸರ್ರನೆ ತಿರುಗಿದಳು. ಬೂಟಿನಡಿ ಏನೋ ಪಿಚಕ್ಕೆಂದಿತು: ಚಿಪ್ಪಿಲ್ಲದ, ಹೆಬ್ಬೆರಳು ಗಾತ್ರದ ಬಸವನಹುಳು. ಲೋರ್ನಾ ಕಿರುಚಿ ಗೋಡೆ ಹಿಡಿದುಕೊಂಡಳು. ಗಸ್ ಮಂಡಿಯೂರಿ, ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೂಟು ಒರೆಸತೊಡಗಿದ. ನಿಧಾನವಾಗಿ, ಅಗತ್ಯಕ್ಕಿಂತ ನಿಧಾನವಾಗಿ.

"ಆಯ್ತಾ?"

"ಇನ್ನೂ ಸ್ವಲ್ಪ ಇದೆ," ಅಂದ ಅವನು, ಬೂಟಿನತ್ತ ನೋಡದೆ.

ಅವಳು ಮುಖ ತಿರುಗಿಸಿದಳು. ಆಗ ಗೋಡೆಯ ಮೂಲೆಯಲ್ಲಿ ಕುಂಡ ಕಂಡಿತು. ಅದೇ ದಾಸವಾಳ. ಎಲೆಗಳು ಕರಕಲಾಗಿ ಮುರುಟಿಕೊಂಡಿದ್ದವು.

"ಇದನ್ನೂ ಕಪ್ಪಾಗೋವರೆಗೆ ಬಿಡೋದಾ?"

ಒರೆಸುವ ಕೈ ನಿಂತಿತು. "ಇಲ್ಲ. ಅದು ಚಳಿ ತಡೆಯಲ್ಲ. ಸೆಪ್ಟೆಂಬರ್‌ನಲ್ಲೇ ಒಳಗೆ ತರ್ಬೇಕಿತ್ತು."

"ಯಾಕೆ ತರ್ಲಿಲ್ಲ?"

"ನಿನ್ ದಿಂಬು."

ಒಂದು ಕಡ್ಡಿಯಿಂದ ಅವನು ವರ್ಷಗಟ್ಟಲೆ ಸಾಕಿದ ಗಿಡ. ಅವಳು ಬಯ್ಯುವಾಗಲೂ ಅವನು ಅದರ ಎಲೆಗಳನ್ನು ಮಗುವಿನ ಕಿವಿಯಂತೆ ಒರೆಸುತ್ತಿದ್ದ.

ಲೋರ್ನಾ ಕಾಲೆಳೆದುಕೊಂಡು, ಕುಂಡದತ್ತ ಬಗ್ಗಿ ಕೊಂಬೆಯೊಂದರ ಸಿಪ್ಪೆಯನ್ನು ಉಗುರಿನಿಂದ ಕೆರೆದಳು. ಕಂದು. ಕೆಳಗೆ ಕೆರೆದಳು, ಅಲ್ಲೂ ಕಂದು. ಬುಡದ ಹತ್ತಿರ ಕೆರೆದಾಗ ಎಳೆಯ ಹಸಿರು ಕಾಣಿಸಿತು. ಅದರ ಪಕ್ಕದ ಸಂದಿಯಲ್ಲಿ ಬಿಳಿ ತಿಗಣೆಗಳ ಗುಂಪು.

"ಗಿಡ ಬದುಕಿದೆ. ಈ ದರಿದ್ರ ಹುಳಾನೂ ಬದುಕಿದೆ. ಅಸಹ್ಯ! ಸ್ಪಿರಿಟ್ ತಗೊಂಬಾ, ಹತ್ತಿ ಕಡ್ಡಿನೂ."

ಕುಂಡವನ್ನು ಮೈಯಿಂದ ದೂರ ಹಿಡಿದು ಅವಳು ಮೆಟ್ಟಿಲೇರಿದಳು.

"ಎಲ್ಲಿಗೆ?" ಗಸ್ ಕೇಳಿದ.

"ಬಾತ್‌ಟಬ್‌ಗೆ. ಉಜ್ಜಿದೀಯಲ್ಲ."

"ಗಿಡ ಒಳಗೆ ಬಂದ್ರೆ ನೀನು ಬರಲ್ಲ ಅಂದಿದ್ದೆ."

"ನಿನಗೆ ಬಿಟ್ರೆ ನೀನು ಈ ಹುಳಾನೂ ಸಾಕ್ತೀಯ. ದಿನಾ ಉಜ್ಜೋಕೆ ನಾನು ಇಲ್ಲೇ ಇರ್ಬೇಕು."

ಅವನು ಬಾಗಿಲು ತೆರೆಯಲು ಹತ್ತಿರ ಬಂದ. ಗಡ್ಡದಲ್ಲಿ ಕೊಳೆತ ಕೆಸುವಿನ ವಾಸನೆ. ಲೋರ್ನಾ ಕುಂಡ ಕೆಳಗಿಟ್ಟಳು, ಮೂಗು ಮುಚ್ಚಿಕೊಂಡಳು, ಮುತ್ತಿಟ್ಟಳು.