ಶರಣಮ್ಮನ ಹೆಸರಿನ ಮೆಸೇಜು

“ನಿಮ್ಮ ಫೋನಿಗೆ ತಪ್ಪಿ ನನ್ನ ಕೋಡ್ ಬಂದಿದೆ. ಆರು ಅಂಕಿ. ಬೇಗ ಕಳಿಸಿ, ಪ್ಲೀಸ್! ಐದೇ ನಿಮಿಷದಲ್ಲಿ ಪರೀಕ್ಷೆ ಫಾರ್ಮ್ ಬಂದ್ ಆಗುತ್ತದೆ.”

ಮೆಸೇಜು ಮರಾಠಿಯಲ್ಲಿತ್ತು. ಮೇಲೆ ಶ್ರದ್ಧಾ ದೀದಿಯ ಹೆಸರು, ಜೊತೆಗೆ ದೀದಿ ನಗುತ್ತಿರುವ ಫೋಟೊ. ಟ್ಯೂಷನ್ ಹೇಳುವ ದೀದಿ ಕಷ್ಟದಲ್ಲಿದ್ದಾಳೆ ಅಂದಮೇಲೆ ಸೋನಾಲಿ ಸುಮ್ಮನಿರುವ ಹುಡುಗಿಯಲ್ಲ. ಫೋನಿಗೆ ಬಂದಿದ್ದ ಆರು ಅಂಕಿಗಳನ್ನು ಟಕಟಕ ಒತ್ತಿ ಕಳಿಸಿಯೇಬಿಟ್ಟಳು.

ಥ್ಯಾಂಕ್ಸ್ ಬರಲಿಲ್ಲ. ವಾಟ್ಸಾಪೇ ಮುಚ್ಚಿಕೊಂಡಿತು. ಈ ನಂಬರು ಈಗ ಬೇರೆ ಫೋನಿನಲ್ಲಿದೆ ಎಂದು ತೋರಿಸಿತು.

ಸೋನಾಲಿ ಆ ಮೆಸೇಜನ್ನು ಮನಸ್ಸಿನಲ್ಲೇ ಮತ್ತೆ ಓದಿಕೊಂಡಳು. ದೀದಿ ಯಾವಾಗಲೂ ‘ಸೋನೂ’ ಎಂದೇ ಶುರುಮಾಡುತ್ತಾಳೆ. ಇದರಲ್ಲಿ ಹೆಸರೇ ಇರಲಿಲ್ಲ. ದೀದಿಯ ಮನೆ ಇರುವುದು ಪಕ್ಕದ ಗಲ್ಲಿಯಲ್ಲಿ. ಅಷ್ಟು ಅವಸರವಿದ್ದರೆ ಓಡಿ ಬರುತ್ತಿದ್ದಳಲ್ಲ? ಬುದ್ಧಿ ಅನ್ನುವುದು ನೋಡಿ, ಬೇಕಾದಾಗ ಎಲ್ಲಿಗೋ ಹೋಗಿತ್ತು, ಈಗ ಬಂದು ಕೂತಿತು.

ಫೋನು ಅವ್ವನದು. ಅವ್ವ ಶರಣಮ್ಮ ಈ ಮರಾಠಿ ಊರಿನ ಧನಕವಡಿ ಬಡಾವಣೆಯ ಮನೆಮನೆಗೆ ಜೋಳದ ರೊಟ್ಟಿ ಮಾಡಿಕೊಡುತ್ತಾಳೆ. ಅಪ್ಪ ದೂರದ ಕುರಕುಂಭದ ಫ್ಯಾಕ್ಟರಿಯಿಂದ ಬರುವುದು ವಾರಕ್ಕೊಮ್ಮೆ. ಅವ್ವನಿಗೆ ಓದು ಬರಹ ಬರುವುದಿಲ್ಲ. ಆದ್ದರಿಂದ ಆರ್ಡರ್ ಓದುವವಳು ಸೋನಾಲಿ, “ನಮಸ್ಕಾರ, ನಾನು ಶರಣಮ್ಮ” ಎಂದು ಮರಾಠಿಯಲ್ಲಿ ಉತ್ತರ ಬರೆಯುವವಳು ಸೋನಾಲಿ, ಶಾಲೆ ಬಿಟ್ಟಮೇಲೆ ರೊಟ್ಟಿ ಕೊಟ್ಟುಬರುವವಳೂ ಸೋನಾಲಿ. ಬರೆಯುವುದು ಐದನೆಯ ಕ್ಲಾಸಿನ ಹುಡುಗಿ ಎಂದು ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ. ಅದು ಅವಳಿಗೆ ಒಳಗೊಳಗೇ ಜಂಬದ ವಿಷಯವಾಗಿತ್ತು.

ಫೋನು ರಿಂಗಾಯಿತು. ರೊಟ್ಟಿ ತೆಗೆದುಕೊಳ್ಳುವ, ಬೆಳಗಾವಿ ಕಡೆಯ ಕೇತಕಿ ಆಂಟಿ.

“ಸೋನಾಲಿ, ನಿಮ್ಮವ್ವ ಹ್ಯಾಂಗಿದ್ದಾರ? ಆಪರೇಷನ್ ಅದ, ಲಗೂನ ರೊಕ್ಕ ಕಳಸ್ರಿ, ಮಾತಾಡಾಕ ಆಗೂದಿಲ್ಲ ಅಂತ ಮೆಸೇಜ್ ಬಂದದ. ನನಗ್ಯಾಕೋ ಡೌಟ್ ಬಂತು. ನಮ್ಮ ಮ್ಯಾಲಿನ ಮನಿ ಬಾಯಾರು ಹತ್ತು ಸಾವಿರ ಹಿಡಕೊಂಡು ಬಾಳೂನ ಅಂಗಡಿಗೆ ಹೋದ್ರಂತ ನೋಡು, ಕಳಸಾಕ!”

ಬಾಯಾರು ಅಂದರೆ ರಾಧಾಬಾಯಿ. ಧಾರವಾಡದಲ್ಲಿ ಟೀಚರ್ ಆಗಿದ್ದವರು.

ಹೇಳಿದರೆ ಅವ್ವ ಬೈಯುತ್ತಾಳೆ. ಹೇಳದಿದ್ದರೆ ಬಾಯಾರ ಹಣ ಹೋಗುತ್ತದೆ, ಅದೂ ಅವ್ವನ ಹೆಸರಿನಲ್ಲಿ. ಇನ್ನು ಯಾರು ಅವ್ವನ ರೊಟ್ಟಿ ತಗೊಳ್ತಾರೆ? ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

“ಅವ್ವಾ, ನಾ ಒಂದು ತಪ್ಪು ಮಾಡೀನಿ.”

ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವ್ವ ಒಲೆ ಆರಿಸಿದಳು.

“ಬೈಯೂದು ಆಮ್ಯಾಗ. ಮೊದಲ ಬಾಯಾರಿಗಿ ಫೋನ್ ಹಚ್ಚು.”

ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಬಾಯಾರು ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರೋ ಏನೋ.

“ನಡಿ!” ಎಂದಳು ಅವ್ವ. ಇಬ್ಬರೂ ಓಡಿದರು.

ಮುಖ್ಯ ರಸ್ತೆಯಲ್ಲಿ ಬಸ್ಸು ಅಡ್ಡ ನಿಂತಿತ್ತು. ಅದು ಸರಿದಾಗ ಎದುರಿಗೇ, ನೋಟು ಕೊಟ್ಟರೆ ಫೋನಿನಿಂದ ಹಣ ಕಳಿಸಿಕೊಡುವ ಬಾಳೂನ ಕಿರಾಣಿ ಅಂಗಡಿ ಕಂಡಿತು. ಬಾಯಾರು ಚೀಟಿ ನೋಡಿ ನಂಬರು ಹೇಳುತ್ತಿದ್ದರು. ಬಾಳು ತನ್ನ ಫೋನಿನಲ್ಲಿ ಒತ್ತುತ್ತಿದ್ದ.

“ಬಾಯಾರ, ಕಳಸಬ್ಯಾಡ್ರೀ!”

ಬಾಯಾರು ತಿರುಗಿ ನೋಡಿದರು. “ಹೆದರಬ್ಯಾಡವಾ ಸೋನಾಲಿ. ಈಗ ಕಳಸ್ತೀನಿ. ನಿಮ್ಮವ್ವಗ ಏನೂ ಆಗೂದಿಲ್ಲ.”

“ಏನೂ ಆಗಿಲ್ರೀ! ಇಕೀನ ನಮ್ಮವ್ವ!”

ಬಾಯಾರು ಕನ್ನಡಕ ಸರಿಮಾಡಿಕೊಂಡು ಶರಣಮ್ಮನನ್ನು ನೋಡಿದರು. ಮೊಣಕೈವರೆಗೂ ಹಿಟ್ಟು, ಮುಖದ ತುಂಬ ಬೆವರು. ಎರಡು ವರ್ಷ ಇವಳ ರೊಟ್ಟಿ ತಿಂದಿದ್ದರೂ ಮುಖ ನೋಡಿರಲಿಲ್ಲ.

“ಮತ್ತ ಮೆಸೇಜ್ ಬರದಾಕಿ ಯಾರು? ಶರಣಮ್ಮ ಎಷ್ಟು ನೆಟ್ಟಗ ಬರೀತಾಳ, ನನಗ ಗೊತ್ತದ. ಹಬ್ಬಕ್ಕೂ ತಪ್ಪದ ಬರೀತಾಳ.”

ಕಳಿಸಲೇ, ಬೇಡವೇ ಎಂದು ಬಾಳು ಮರಾಠಿಯಲ್ಲಿ ಕೇಳಿದ. ಅವನ ಬೆರಳು ಫೋನಿನ ಮೇಲೆಯೇ ಇತ್ತು. ಹಿಂದೆ ಇನ್ನೂ ಮೂವರು ಗಿರಾಕಿಗಳು ನಿಂತಿದ್ದರು. ಇಷ್ಟು ಜನರ ಮುಂದೆ ಹೇಗೆ ಹೇಳುವುದು? ಸೋನಾಲಿ ಅವ್ವನ ಮುಖ ನೋಡಿದಳು.

ಅವ್ವನೇ ಹೇಳಿದಳು. “ನನಗ ಬರಿಲಾಕ ಬರಂಗಿಲ್ರಿ ಬಾಯಾರ. ಒಂದ ಅಕ್ಷರಾನೂ ಬರಂಗಿಲ್ಲ.”

“ಬರಿಯಾಕಿ ನಾ ರೀ,” ಎಂದಳು ಸೋನಾಲಿ. “ಹಬ್ಬದ್ದೂ ನಾನೇ ಬರದದ್ದು. ಇವತ್ತಿಂದು ನಂದಲ್ರೀ. ಯಾರೋ ಕೋಡ್ ಕೇಳಿದ್ರು, ದೀದಿ ಅಂತ ತಿಳಕೊಂಡು ಕೊಟ್ಟೆ. ಈಗ ಅವ್ರು ಅವ್ವನ ಹೆಸರಲೆ ಬರೀಲಾಕತ್ತಾರ.”

ಬಾಯಾರು ಬಾಳೂಗೆ ಬೇಡವೆಂದು ಕೈ ಮಾಡಿ, ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡರು.

“ಪೊಲೀಸರಿಗೆ ತೋರಸೂಣು. ಅಲ್ಲವಾ, ಎರಡು ವರ್ಷ ನಾ ಶರಣಮ್ಮ ಅಂತ ಮಾತಾಡಿದ್ದು ನಿನ್ನ ಜೋಡಿ ಏನು?”

ಸೋನಾಲಿಗೆ ತಲೆ ಎತ್ತಲಾಗಲಿಲ್ಲ. ಆ ಕಳ್ಳನೂ ನನ್ನ ಹಾಗೆಯೇ ‘ನಾನು ಶರಣಮ್ಮ’ ಎಂದು ಬರೆದನಲ್ಲ ಅನ್ನಿಸಿತು. ಬಾಯಾರಿಗೆ ಗುರುತು ಹತ್ತಬೇಕಾದರೂ ಹೇಗೆ? ಅವಳ ಜಂಬವೆಲ್ಲ ಇಳಿದುಹೋಗಿ ಅಳು ಬಂತು.

“ಅಳೂದು ಬಿಡು. ಉಳದವರಿಗೂ ಮೆಸೇಜ್ ಹೋಗಿರ್ತದ. ಲಗೂನ ಫೋನ್ ಹಚ್ಚರಿ,” ಎಂದರು ಬಾಯಾರು.

ಅಂಗಡಿಯ ಕಟ್ಟೆಯ ಮೇಲೆ ಕೂತು ಸೋನಾಲಿ ಮೊದಲ ನಂಬರು ಒತ್ತಿ, ರೂಢಿಯಂತೆ ತಾನೇ ಮಾತಾಡಲು ಬಾಯಿ ತೆರೆದಳು. ತಕ್ಷಣ ಫೋನನ್ನು ಅವ್ವನ ಕೈಗೆ ಕೊಟ್ಟಳು.

“ನೀನೇ ಹೇಳವ್ವಾ.”

“ನಾ ಏನ್ ಹೇಳ್ಲಿ? ನನ್ನ ಮರಾಠಿ ನಿನಗ ಗೊತ್ತಿಲ್ಲೇನು?”

“ಗೊತ್ತದ. ಹೇಳು.”

ಅವ್ವ ಸೆರಗಿಗೆ ಕೈ ಒರೆಸಿಕೊಂಡಳು. “ಹಲೋ... ಮೀ ಶರಣಮ್ಮ. ಭಾಕರಿವಾಲಿ ಶರಣಮ್ಮ...”

ರೊಟ್ಟಿ ಮಾಡುವ ಶರಣಮ್ಮ ನಾನು ಎಂದು ಅವ್ವ ಹೊರಗಿನವರಿಗೆ ತನ್ನ ಹೆಸರು ಹೇಳುವುದನ್ನು ಸೋನಾಲಿ ಕೇಳಿದ್ದು ಇದೇ ಮೊದಲು. ಅರ್ಧ ಮರಾಠಿ, ಅರ್ಧ ಕನ್ನಡ. ನಾಲ್ಕನೆಯ ಫೋನಿನ ಹೊತ್ತಿಗೆ ದನಿ ಗಟ್ಟಿಯಾಗಿತ್ತು.

ಆರನೆಯದರಲ್ಲಿ ಅವ್ವ ಒಂದು ಮಾತು ಸಿಗದೆ ತಡವರಿಸಿದಳು. ಆ ಮರಾಠಿ ಮಾತು ಸೋನಾಲಿಯ ನಾಲಿಗೆಯ ತುದಿಗೇ ಬಂದಿತ್ತು. ಅವಳು ಹೇಳಿಕೊಡಲಿಲ್ಲ. ಅವ್ವ ಹುಡುಕಿಕೊಳ್ಳುವ ತನಕ ಸುಮ್ಮನೆ ಕಾದಳು.